ವಿಚ್ಛೇದನದ ನಂತರ ಮಕ್ಕಳ ಸುಪರ್ದಿ: ಆದೇಶಗಳ ಜಾರಿ

ವಿಚ್ಛೇದನವಾದ ಮೇಲೆ ಮಗು ತಾಯಿಯ ಹತ್ತಿರ ಇರಬೇಕೋ ತಂದೆಯ ಹತ್ತಿರ ಇರಬೇಕೋ, ಜೊತೆಗಿಲ್ಲದವರು ಅದನ್ನು ಯಾವಾಗ, ಎಲ್ಲಿ, ಎಷ್ಟು ಹೊತ್ತು ಕಾಣಬೇಕು ಎಂಬುದನ್ನು ನ್ಯಾಯಾಲಯ ಆದೇಶದಲ್ಲಿ ಬರೆದಿಡುತ್ತದೆ. ಒಬ್ಬರು ಆ ಆದೇಶವನ್ನು ಪಾಲಿಸದಿದ್ದಾಗ ಇನ್ನೊಬ್ಬರು ಹಿಡಿಯಬಹುದಾದ ಕಾನೂನಿನ ದಾರಿಗಳು ಈ ಲೇಖನದ ವಿಷಯ. ಇಲ್ಲಿ ಮುಖ್ಯವಾಗಿ ಭಾರತದ ಕಾನೂನನ್ನು ನೋಡಲಾಗಿದೆ. ವಿದೇಶದಲ್ಲಿ ನೆಲೆಸಿದ ಕನ್ನಡಿಗ ಕುಟುಂಬಗಳಿಗೆ ತಟ್ಟುವಷ್ಟರ ಮಟ್ಟಿಗೆ ಹೊರದೇಶಗಳ ವ್ಯವಸ್ಥೆಯೂ ಬರುತ್ತದೆ.

ಹಣದ ಡಿಕ್ರಿಯಾದರೆ ಆಸ್ತಿ ಜಪ್ತಿ ಮಾಡಿ ವಸೂಲು ಮಾಡಬಹುದು. ಜಮೀನಿನ ಡಿಕ್ರಿಯಾದರೆ ಅಮೀನರು ಹೋಗಿ ಸ್ವಾಧೀನ ಕೊಡಿಸುತ್ತಾರೆ. ಮಗುವಿನ ವಿಷಯದಲ್ಲಿ ಇದು ನಡೆಯದು. ಅಲ್ಲಿ ಕೈಬದಲಾಗಬೇಕಾದದ್ದು ಅಳುವ, ಹಟ ಮಾಡುವ, ಹೆದರುವ, ದಿನದಿನಕ್ಕೂ ಬೆಳೆಯುವ ಒಂದು ಜೀವ. ಆದೇಶ ಮುರಿದವರನ್ನು ಜೈಲಿಗೆ ಕಳಿಸಿದರೆ ಆ ಶಿಕ್ಷೆಯ ಒಂದು ಪಾಲು ಮಗುವಿನ ಮೇಲೂ ಬೀಳುತ್ತದೆ. ಸುಮ್ಮನೆ ಬಿಟ್ಟರೆ ಆದೇಶಕ್ಕೆ ಬೆಲೆಯಿಲ್ಲ. ಈ ಇಕ್ಕಟ್ಟಿನಲ್ಲಿ ನ್ಯಾಯಾಲಯಗಳು ಹೆಜ್ಜೆ ನಿಧಾನಿಸುತ್ತವೆ. ಆದೇಶವನ್ನು ಮುರಿದವರಿಗೆ ಅನುಕೂಲವಾಗುವುದು ಈ ನಿಧಾನದಿಂದಲೇ: ಮಗು ಯಾರ ಮನೆಯಲ್ಲಿ ಇದೆಯೋ ಅಲ್ಲಿಗೇ ಒಗ್ಗಿಹೋಗುತ್ತದೆ, ಮುಂದೆ ಆ ಒಗ್ಗಿಕೆಯೇ ಅದನ್ನು ಕದಲಿಸಬಾರದೆಂಬ ವಾದವಾಗುತ್ತದೆ. ಸುಪರ್ದಿ ಆದೇಶಗಳ ಜಾರಿಯಲ್ಲಿ ಕಾನೂನಿನ ಕಲಮುಗಳಿಗಿಂತ ಕಾಲದ ಪಾತ್ರವೇ ದೊಡ್ಡದು.

ಆದೇಶದ ಮೂಲ

ಹಿಂದೂ ದಂಪತಿಗಳ ವಿಚ್ಛೇದನದಲ್ಲಿ ಮಕ್ಕಳ ಸುಪರ್ದಿ, ಪೋಷಣೆ, ವಿದ್ಯಾಭ್ಯಾಸಗಳ ಬಗ್ಗೆ ಆದೇಶ ಮಾಡುವ ಅಧಿಕಾರ 1955ರ ಹಿಂದೂ ವಿವಾಹ ಕಾಯ್ದೆಯ 26ನೆಯ ಕಲಮಿನಲ್ಲಿದೆ. 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರಿಗೆ ಅದರ 38ನೆಯ ಕಲಮು, ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆ, ಪಾರ್ಸಿಗಳಿಗೆ 1936ರ ಕಾಯ್ದೆ ಇವೆ. ಮುಸ್ಲಿಮರಲ್ಲಿ ಮಗುವನ್ನು ಸಾಕುವ ಹಕ್ಕಿಗೆ ‘ಹಿಜಾನತ್’ ಎನ್ನುತ್ತಾರೆ. ಹನಫಿ ಪಂಥದಲ್ಲಿ ಗಂಡುಮಗುವಿಗೆ ಏಳು ವರ್ಷ ತುಂಬುವವರೆಗೆ, ಹೆಣ್ಣುಮಗು ಪ್ರಾಯಕ್ಕೆ ಬರುವವರೆಗೆ ಆ ಹಕ್ಕು ತಾಯಿಯದು. ಇವೆಲ್ಲದರ ಹಿಂದೆ, ಯಾವ ಧರ್ಮದವರಾದರೂ ಮೊರೆಹೋಗಬಹುದಾದದ್ದು 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆ. ಬ್ರಿಟಿಷರ ಕಾಲದ ಈ ಕಾಯ್ದೆ ಇಂದಿಗೂ ಸುಪರ್ದಿ ಮೊಕದ್ದಮೆಗಳ ಬೆನ್ನೆಲುಬು.

1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆ ತಂದೆಯನ್ನು ಸಹಜ ಪಾಲಕನೆಂದು ಕರೆದು ತಾಯಿಯನ್ನು ಅವನ ‘ನಂತರ’ ಇಟ್ಟಿತು. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರವೇ ಇರಬೇಕೆಂದೂ ಹೇಳಿತು. ಲೇಖಕಿ ಗೀತಾ ಹರಿಹರನ್ ರಿಸರ್ವ್ ಬ್ಯಾಂಕಿನ ವಿರುದ್ಧ ನಡೆಸಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1999ರಲ್ಲಿ, ತಂದೆ ಬದುಕಿದ್ದಾಗಲೂ ಅವನು ಮಗುವಿನ ಹೊಣೆ ಹೊತ್ತಿರದಿದ್ದರೆ ತಾಯಿಯೇ ಪಾಲಕಿ ಎಂದು ಆ ಕಲಮನ್ನು ಅರ್ಥೈಸಿತು. ಅದೇ ಕಾಯ್ದೆಯ 13ನೆಯ ಕಲಮು ಮಗುವಿನ ಹಿತವೇ ಪರಮವೆನ್ನುತ್ತದೆ. ಪಾಲಕತ್ವ ಬೇರೆ, ಸುಪರ್ದಿ ಬೇರೆ ಎಂಬುದನ್ನೂ ಗಮನಿಸಬೇಕು. ತಂದೆ ಕಾನೂನಿನಲ್ಲಿ ಪಾಲಕನಾಗಿಯೇ ಉಳಿದಿದ್ದು ಮಗು ತಾಯಿಯ ಸುಪರ್ದಿಯಲ್ಲಿ ಬೆಳೆಯಬಹುದು. ಆದೇಶ ಮುರಿದವರು ‘ನಾನೂ ಪಾಲಕ ತಾನೆ’ ಎಂದು ವಾದಿಸುವುದಕ್ಕೆ ಬಾಗಿಲು ತೆರೆದುಕೊಡುವುದು ಈ ವ್ಯತ್ಯಾಸವೇ.

ಸುಪರ್ದಿ ಆದೇಶಕ್ಕೆ ಇನ್ನೊಂದು ಸ್ವಭಾವವಿದೆ. ಅದು ಎಂದೂ ಅಂತಿಮವಲ್ಲ. ಸನ್ನಿವೇಶ ಬದಲಾದಂತೆ, ಮಗು ಬೆಳೆದಂತೆ ಅದನ್ನು ತಿದ್ದಬಹುದೆಂದು ಸುಪ್ರೀಂ ಕೋರ್ಟ್ 1973ರ ಒಂದು ತೀರ್ಪಿನಲ್ಲಿ ಸ್ಪಷ್ಟಪಡಿಸಿತು. ಮಕ್ಕಳು ತಂದೆತಾಯಿಯರ ಸೊತ್ತಲ್ಲ, ಆಟಿಕೆಗಳೂ ಅಲ್ಲ ಎಂಬ ಮಾತು ಬಂದದ್ದೂ ಅದೇ ತೀರ್ಪಿನಲ್ಲಿ. ಮಗುವಿನ ಮಟ್ಟಿಗೆ ಇದು ಒಳ್ಳೆಯದು. ಜಾರಿಯ ಮಟ್ಟಿಗೆ ಮಾತ್ರ ಇದು ತೊಡಕು. ಅಮಲ್ಜಾರಿಗೆ ಅರ್ಜಿ ಬಿದ್ದ ತಕ್ಷಣ ಎದುರು ಪಕ್ಷದವರು ಆದೇಶವನ್ನೇ ಬದಲಿಸಿಕೊಡಿ ಎಂದು ಮತ್ತೊಂದು ಅರ್ಜಿ ಹಾಕುತ್ತಾರೆ. ಎರಡನ್ನೂ ಕೂಡಿಸಿ ವಿಚಾರಣೆಗೆ ಇಡುವುದರಲ್ಲಿ ವಾಯಿದೆಯ ಮೇಲೆ ವಾಯಿದೆ ಬೀಳುತ್ತದೆ.

ಷರತ್ತುಗಳನ್ನು ಬರೆಯುವ ರೀತಿ

ಜಾರಿಯ ಅರ್ಧ ಕೆಲಸ ಆದೇಶ ಬರೆಯುವಾಗಲೇ ಮುಗಿದಿರುತ್ತದೆ, ಇಲ್ಲವೇ ಕೆಟ್ಟಿರುತ್ತದೆ. ಪರಸ್ಪರ ಒಪ್ಪಿಗೆಯ ವಿಚ್ಛೇದನಗಳಲ್ಲಿ ಉಭಯತ್ರರು ಸಲ್ಲಿಸುವ ಜಂಟಿ ಮೆಮೊ ನೋಡಿದರೆ ಇದು ತಿಳಿಯುತ್ತದೆ. ಜೀವನಾಂಶ, ಒಡವೆ, ಸೈಟು, ಬ್ಯಾಂಕ್ ಲಾಕರಿನ ಬಗ್ಗೆ ಪುಟಗಟ್ಟಲೆ ಬರೆದು, ಮಗುವಿನ ಬಗ್ಗೆ ‘ತಂದೆಗೆ ಸೂಕ್ತ ಭೇಟಿಯ ಅವಕಾಶ ಇರತಕ್ಕದ್ದು’ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಆ ದಿನ ಇಬ್ಬರಿಗೂ ಬೇಕಾದದ್ದು ಬಿಡುಗಡೆ. ಮಗುವಿನ ವಿಷಯ ತೆಗೆದರೆ ಮತ್ತೆ ಜಗಳ ಎಂಬ ಅಳುಕು. ಆರು ತಿಂಗಳ ಮೇಲೆ ಸೂಕ್ತ ಎಂದರೆ ಎಷ್ಟು ಎಂಬ ಪ್ರಶ್ನೆ ಎದ್ದಾಗ ಜಾರಿ ಮಾಡಲು ನ್ಯಾಯಾಧೀಶರ ಕೈಯಲ್ಲಿ ಏನೂ ಇರುವುದಿಲ್ಲ. ಅಸ್ಪಷ್ಟ ಆದೇಶವನ್ನು ಮುರಿದರೆಂದು ಯಾರನ್ನೂ ಶಿಕ್ಷಿಸಲಾಗದು.

2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಭೇಟಿಯ ಸ್ವರೂಪ, ಕ್ರಮ, ವಿವರಗಳನ್ನು ನ್ಯಾಯಾಲಯಗಳು ಖಚಿತವಾಗಿ ಬರೆಯಬೇಕೆಂದು ಹೇಳಿತು. ಬೇರೆ ಊರು ಅಥವಾ ಬೇರೆ ದೇಶದಲ್ಲಿರುವವರಿಗೆ ಮಗುವಿನೊಡನೆ ಫೋನಿನಲ್ಲಿ, ವಿಡಿಯೊ ಕರೆಯಲ್ಲಿ ದಿನವೂ ಐದು ಹತ್ತು ನಿಮಿಷ ಮಾತಾಡುವ ಅವಕಾಶವನ್ನೂ ಅದು ಪ್ರತ್ಯೇಕವಾಗಿ ಗುರುತಿಸಿತು. ಇಬ್ಬರ ಪ್ರೀತಿಯೂ ಮಗುವಿನ ಹಕ್ಕು ಎಂಬುದು ಆ ತೀರ್ಪಿನ ನೆಲೆ. ಭೇಟಿಯನ್ನು ಅಪ್ಪನ ಹಕ್ಕು, ಅಮ್ಮನ ಹಕ್ಕು ಎಂದು ಎಳೆದಾಡುವ ವಾದಗಳಿಗೆ ಇಷ್ಟು ಒಳ್ಳೆಯ ಉತ್ತರ ಬೇರೆ ಸಿಗಲಾರದು.

ಬಳಕೆಗೆ ಬರುವ ಷರತ್ತುಗಳು ಯಾವುವೆಂದು ಅನುಭವಸ್ಥ ವಕೀಲರಿಗೆ ಗೊತ್ತು. ಎರಡನೆಯ ಮತ್ತು ನಾಲ್ಕನೆಯ ಶನಿವಾರ ಬೆಳಿಗ್ಗೆ ಹತ್ತಕ್ಕೆ ಯಾರು ಯಾರ ಮನೆಯಿಂದ ಮಗುವನ್ನು ಕರೆದೊಯ್ಯಬೇಕು, ಭಾನುವಾರ ಸಂಜೆ ಎಷ್ಟು ಗಂಟೆಗೆ ತಂದು ಬಿಡಬೇಕು. ದಸರಾ ರಜೆಯಲ್ಲಿ ಯಾವ ಅರ್ಧ ಯಾರಿಗೆ, ಬೇಸಿಗೆ ರಜೆಯಲ್ಲಿ ಎಷ್ಟು ದಿನ. ಯುಗಾದಿ ಈ ವರ್ಷ ಒಂದು ಮನೆಯಲ್ಲಾದರೆ ದೀಪಾವಳಿ ಇನ್ನೊಂದು ಮನೆಯಲ್ಲಿ, ಮುಂದಿನ ವರ್ಷ ಅದಲುಬದಲು. ಹುಟ್ಟುಹಬ್ಬದ ದಿನ ಏನು ಮಾಡಬೇಕು. ಮಗುವಿಗೆ ಜ್ವರ ಬಂದು ಭೇಟಿ ತಪ್ಪಿದರೆ ಬದಲಿ ದಿನ ಯಾವುದು, ಜ್ವರಕ್ಕೆ ವೈದ್ಯರ ಚೀಟಿ ಬೇಕೇ. ಶಾಲೆಯ ಅಂಕಪಟ್ಟಿ, ಪೋಷಕರ ಸಭೆಯ ತಿಳುವಳಿಕೆ ಇಬ್ಬರಿಗೂ ಹೋಗಬೇಕು. ಶಾಲೆ ಬದಲಿಸಬೇಕಾದರೆ, ಊರು ಬಿಡಬೇಕಾದರೆ ಎಷ್ಟು ದಿನ ಮುಂಚೆ ತಿಳಿಸಬೇಕು. ಪಾಸ್‌ಪೋರ್ಟ್ ಯಾರ ಬಳಿ ಇರಬೇಕು, ಅಥವಾ ನ್ಯಾಯಾಲಯದಲ್ಲಿ ಠೇವಣಿಯಾಗಿರಬೇಕೇ. ಓದುವಾಗ ಇವು ಸಣ್ಣ ಸಂಗತಿಗಳು. ಭೇಟಿಗಳು ಮುರಿದುಬೀಳುವುದು ಇಂಥ ಸಣ್ಣ ಸಂಗತಿಗಳಲ್ಲೇ. ಮಗುವನ್ನು ಎತ್ತಿಕೊಂಡು ಹೋಗಿ ಮುಚ್ಚಿಡುವ ಪ್ರಕರಣಗಳು ಸುದ್ದಿಯಾಗುತ್ತವೆ. ಬಾಗಿಲು ತೆರೆಯದಿರುವುದು, ಪ್ರತಿ ಶನಿವಾರವೂ ಡ್ಯಾನ್ಸ್ ಕ್ಲಾಸ್ ಇಡುವುದು, ಕರೆ ಬಂದಾಗ ಫೋನ್ ಸ್ವಿಚ್ ಆಫ್ ಮಾಡುವುದು, ಸಂಜೆ ಆರಕ್ಕೆ ತರಬೇಕಾದವರು ರಾತ್ರಿ ಹತ್ತಕ್ಕೆ ತರುವುದು ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಭೇಟಿ ಕೇಳಿ ಹೋರಾಡಿ ಆದೇಶ ತಂದವರೇ ಆಮೇಲೆ ಮಗುವನ್ನು ನೋಡಲು ಬಾರದಿರುವುದೂ ಉಂಟು. ಬಟ್ಟೆ ಹಾಕಿಕೊಂಡು ಕಾದು ಕುಳಿತ ಮಗುವಿಗೆ ಅದು ದೊಡ್ಡ ಪೆಟ್ಟು. ಆದರೆ ಮಗುವನ್ನು ಕಾಣಲೇಬೇಕೆಂದು ತಂದೆಯನ್ನೋ ತಾಯಿಯನ್ನೋ ಒತ್ತಾಯಿಸುವ ಪರಿಣಾಮಕಾರಿ ಉಪಾಯ ಕಾನೂನಿನಲ್ಲಿಲ್ಲ.

ಜಾರಿಯ ದಾರಿಗಳು

ಮೊದಲನೆಯ ದಾರಿ ಅಮಲ್ಜಾರಿ ಅರ್ಜಿ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 18ನೆಯ ಕಲಮಿನ ಪ್ರಕಾರ ಆ ನ್ಯಾಯಾಲಯದ ಆದೇಶಕ್ಕೆ ಸಿವಿಲ್ ಡಿಕ್ರಿಯಷ್ಟೇ ಬಲ. ಆದೇಶ ಮಾಡಿದ ನ್ಯಾಯಾಲಯವೇ ಅದನ್ನು ಜಾರಿ ಮಾಡಬಹುದು, ಅಥವಾ ಮಗು ಬೇರೆ ಊರಿನಲ್ಲಿದ್ದರೆ ಅಲ್ಲಿನ ನ್ಯಾಯಾಲಯಕ್ಕೆ ಕಳಿಸಬಹುದು. ಬೆಂಗಳೂರಿನ ಆದೇಶ ಬೀದರಿನಲ್ಲೋ ಚೆನ್ನೈಯಲ್ಲೋ ಜಾರಿಯಾಗುವುದು ಹೀಗೆ. ಕೌಟುಂಬಿಕ ನ್ಯಾಯಾಲಯ ಇಲ್ಲದ ಕಡೆ ಜಿಲ್ಲಾ ನ್ಯಾಯಾಲಯ ಈ ಕೆಲಸ ನೋಡುತ್ತದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೆಯ ಆದೇಶದ 32ನೆಯ ನಿಯಮದಂತೆ, ಪಾಲಿಸಲು ಅವಕಾಶವಿದ್ದೂ ಬೇಕೆಂದೇ ಪಾಲಿಸದವರ ಆಸ್ತಿಯನ್ನು ಜಪ್ತಿ ಮಾಡಬಹುದು, ಸಿವಿಲ್ ಜೈಲಿಗೆ ಕಳಿಸಬಹುದು, ಎರಡನ್ನೂ ಮಾಡಬಹುದು. ಜಪ್ತಿಯಾಗಿ ಆರು ತಿಂಗಳು ಕಳೆದರೂ ದಾರಿಗೆ ಬಾರದಿದ್ದರೆ ಆಸ್ತಿ ಮಾರಿ ನೊಂದವರಿಗೆ ಪರಿಹಾರ ಕೊಡಿಸಬಹುದು. ಆರು ತಿಂಗಳೆಂದರೆ ಸಾಲಗಾರನಿಗೆ ಸಣ್ಣ ಗಡುವು. ಮೂರು ವರ್ಷದ ಮಗು ಒಬ್ಬರ ಮುಖವನ್ನು ಮರೆಯಲು ಅಷ್ಟು ಸಾಕು.

ಎರಡನೆಯ ದಾರಿ 1890ರ ಕಾಯ್ದೆಯಲ್ಲಿದೆ. ಅದರ 25ನೆಯ ಕಲಮು, ಪಾಲಕರ ಸುಪರ್ದಿಯಿಂದ ಹೊರಗೆ ಹೋದ ಅಥವಾ ಒಯ್ಯಲ್ಪಟ್ಟ ಮಗುವನ್ನು ಮರಳಿಸುವಂತೆ ಆದೇಶಿಸುವ ಅಧಿಕಾರ ಕೊಡುತ್ತದೆ. ಮಗುವನ್ನು ಕರೆತರಿಸಿ ಒಪ್ಪಿಸುವುದಕ್ಕೆ ಅದು ಬಳಸಿರುವ ಪದ ಬಂಧನದ್ದು. 19ನೆಯ ಶತಮಾನದ ಆ ಒರಟು ಮಾತನ್ನು ಇಂದಿನ ನ್ಯಾಯಾಲಯಗಳು ಅಕ್ಷರಶಃ ಹಿಡಿಯುವುದಿಲ್ಲ. 26ನೆಯ ಕಲಮು ನ್ಯಾಯಾಲಯದ ಅಪ್ಪಣೆಯಿಲ್ಲದೆ ಮಗುವನ್ನು ಅದರ ವ್ಯಾಪ್ತಿಯಿಂದ ಹೊರಗೆ ಒಯ್ಯದಂತೆ ನೇಮಿತ ಪಾಲಕರನ್ನು ತಡೆಯುತ್ತದೆ. ಹಾಗೆ ಒಯ್ದವರಿಗೆ 44ನೆಯ ಕಲಮಿನಲ್ಲಿ ಸಾವಿರ ರೂಪಾಯಿಯವರೆಗೆ ದಂಡ ಅಥವಾ ಆರು ತಿಂಗಳವರೆಗೆ ಸಿವಿಲ್ ಜೈಲು. ಮಗುವನ್ನು ಹಾಜರುಪಡಿಸದೆ ಹಟ ಹಿಡಿದವರಿಗೆ 45ನೆಯ ಕಲಮಿನ ದಂಡ ನೂರು ರೂಪಾಯಿ. ಹಟ ಮುಂದುವರಿದರೆ ದಿನಕ್ಕೆ ಹತ್ತು ರೂಪಾಯಿ, ಎಲ್ಲ ಕೂಡಿ ಐನೂರು ಮೀರಬಾರದು. 1890ರಲ್ಲಿ ನೂರು ರೂಪಾಯಿ ಒಂದು ಕುಟುಂಬವನ್ನು ನಡುಗಿಸುವ ಮೊತ್ತವಾಗಿತ್ತು. ಇಂದು ಬೆಂಗಳೂರಿನಲ್ಲಿ ಮಗುವನ್ನು ಭೇಟಿಗೆ ಕರೆತರುವ ಆಟೊ ಬಾಡಿಗೆಗೂ ಅದು ಸಾಲದು. ಅದೇ ಕಲಮಿನಲ್ಲಿ, ಮಗುವನ್ನು ಹಾಜರುಪಡಿಸುತ್ತೇನೆಂದು ಒಪ್ಪುವವರೆಗೆ ಸಿವಿಲ್ ಜೈಲಿನಲ್ಲಿಡುವ ಅಧಿಕಾರವೂ ಇರುವುದರಿಂದ ಈ ಕಾಯ್ದೆಗೆ ಹಲ್ಲೇ ಇಲ್ಲ ಎನ್ನುವಂತಿಲ್ಲ.

ಮೂರನೆಯದು ನ್ಯಾಯಾಂಗ ನಿಂದನೆ. 1971ರ ಕಾಯ್ದೆಯಡಿ ಬೇಕೆಂದೇ ಆದೇಶ ಮೀರಿದವರಿಗೆ, ನ್ಯಾಯಾಲಯಕ್ಕೆ ಕೊಟ್ಟ ಮುಚ್ಚಳಿಕೆಗೆ ತಪ್ಪಿದವರಿಗೆ ಆರು ತಿಂಗಳವರೆಗೆ ಸಾದಾ ಸಜೆ, ಎರಡು ಸಾವಿರ ರೂಪಾಯಿಯವರೆಗೆ ದಂಡ ವಿಧಿಸಬಹುದು. ಕೌಟುಂಬಿಕ ನ್ಯಾಯಾಲಯದ ಆದೇಶ ಮೀರಿದ ದೂರನ್ನು ಹೈಕೋರ್ಟ್ ನೋಡುತ್ತದೆ. ಕರ್ನಾಟಕದಲ್ಲಿ ಬೆಂಗಳೂರಿನ ಪ್ರಧಾನ ಪೀಠ, ಧಾರವಾಡ ಮತ್ತು ಕಲಬುರಗಿ ಪೀಠಗಳಲ್ಲಿ ಇಂಥ ಅರ್ಜಿ ಹಾಕಬಹುದು. ಉಲ್ಲಂಘನೆಯಾದ ಒಂದು ವರ್ಷದೊಳಗೆ ಹಾಕಬೇಕು. ಅಮಲ್ಜಾರಿಯ ದಾರಿ ಇರುವಾಗ ನಿಂದನೆಯನ್ನು ಅದರ ಬದಲಿಯಾಗಿ ಬಳಸಬೇಡಿ ಎಂದು ಹೈಕೋರ್ಟ್‌ಗಳು ಮತ್ತೆ ಮತ್ತೆ ಹೇಳಿವೆ. ಅಷ್ಟಾದರೂ ಒಂದು ಮಾತು ನಿಜ: ನಿಂದನೆಯ ನೋಟಿಸು ಕೈಸೇರಿದ ಮೇಲೆ ಎಷ್ಟೋ ಮನೆಗಳ ಬಾಗಿಲು ತೆರೆಯುತ್ತದೆ. ಎದುರು ಪಕ್ಷದವರು ಕ್ಷಮೆ ಕೇಳಿ, ಮುಂದಿನ ಶನಿವಾರ ಕಳಿಸುತ್ತೇವೆಂದು ಬರೆದುಕೊಡುತ್ತಾರೆ, ಅರ್ಜಿ ಮುಕ್ತಾಯವಾಗುತ್ತದೆ.

ನಾಲ್ಕನೆಯದು ಸಂವಿಧಾನದ 226ನೆಯ ವಿಧಿಯಡಿ ಹೇಬಿಯಸ್ ಕಾರ್ಪಸ್. ಮಗುವನ್ನು ಅಡಗಿಸಿಟ್ಟಾಗ, ಎಲ್ಲಿದೆಯೆಂದೇ ತಿಳಿಯದಿದ್ದಾಗ ಇದಕ್ಕಿಂತ ಬಿರುಸಿನ ದಾರಿಯಿಲ್ಲ. ಹೈಕೋರ್ಟ್ ಪೊಲೀಸರಿಗೆ ಆದೇಶ ಕೊಟ್ಟು ದಿನಗಳಲ್ಲೇ ಮಗುವನ್ನು ಕರೆತರಿಸಬಲ್ಲದು. ಆದರೆ ತಂದೆ ಅಥವಾ ತಾಯಿಯ ಬಳಿ ಇರುವ ಮಗು ಅಕ್ರಮ ಬಂಧನದಲ್ಲಿದೆ ಎನ್ನಬಹುದೇ? 2019ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಿತು. ಕಾನೂನಿನ ಹಕ್ಕಿಲ್ಲದವರು ಮಗುವನ್ನು ಹಿಡಿದಿಟ್ಟಿದ್ದರೆ ಈ ರಿಟ್ ನಡೆಯುತ್ತದೆ. ಸಾಕ್ಷ್ಯ ವಿಚಾರಣೆ ಮಾಡಿಯೇ ನಿರ್ಧರಿಸಬೇಕಾದ ಸಂಗತಿಗಳಿದ್ದರೆ ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕು. ಸುಪರ್ದಿ ಆದೇಶ ಕೈಯಲ್ಲಿರುವವರಿಗೆ ಈ ದಾರಿ ಸಲೀಸು, ಇಲ್ಲದವರಿಗೆ ಕಷ್ಟ.

ಪೊಲೀಸ್ ಠಾಣೆ ಜನ ಮೊದಲು ಓಡುವ ಜಾಗ, ಬರಿಗೈಯಲ್ಲಿ ಹಿಂದಿರುಗುವುದೂ ಅಲ್ಲಿಂದಲೇ ಹೆಚ್ಚು. ಕಾನೂನುಬದ್ಧ ಪಾಲಕರ ವಶದಿಂದ ಮಗುವನ್ನು ಒಯ್ಯುವುದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 137ನೆಯ ಕಲಮಿನಂತೆ ಏಳು ವರ್ಷದವರೆಗೆ ಸಜೆಯಾಗಬಹುದಾದ ಅಪಹರಣ. ಆದರೆ ತನಗೆ ಸುಪರ್ದಿಯ ಹಕ್ಕಿದೆಯೆಂದು ಪ್ರಾಮಾಣಿಕವಾಗಿ ನಂಬಿದವರಿಗೆ ಅದೇ ಕಲಮು ವಿನಾಯಿತಿ ಕೊಡುತ್ತದೆ. ಸಹಜ ಪಾಲಕನೆನಿಸಿದ ತಂದೆಯ ಮೇಲೆ ಈ ಆರೋಪ ನಿಲ್ಲುವುದು ಅಪರೂಪ. ಶೋಧನಾ ವಾರಂಟಿನ ದಾರಿಯೂ ಇಕ್ಕಟ್ಟಿನದೇ. ತಂದೆಯ ಬಳಿ ಇರುವ ಮಗುವಿಗೆ ಆ ವಾರಂಟಿನ ಕಲಮು ಮೇಲ್ನೋಟಕ್ಕೆ ಅನ್ವಯಿಸದೆಂದು ಸುಪ್ರೀಂ ಕೋರ್ಟ್ 1998ರಲ್ಲಿ ಹೇಳಿದೆ. ಹೀಗಾಗಿ ‘ಇದು ಸಿವಿಲ್ ವ್ಯಾಜ್ಯ, ಕೋರ್ಟಿಗೆ ಹೋಗಿ’ ಎಂಬ ಠಾಣೆಯ ಮಾತು ಪೂರ್ತಿ ತಪ್ಪಲ್ಲ. ಸುಪರ್ದಿಯನ್ನು ಸ್ಪಷ್ಟವಾಗಿ ಒಬ್ಬರಿಗೇ ಕೊಟ್ಟ ಆದೇಶದ ದೃಢೀಕೃತ ನಕಲು ಕೈಯಲ್ಲಿದ್ದು, ಪೊಲೀಸರು ನೆರವಾಗಬೇಕೆಂಬ ಸಾಲು ಅದರಲ್ಲೇ ಇದ್ದರೆ ಮಾತ್ರ ಚಿತ್ರ ಬೇರೆಯಾಗುತ್ತದೆ. ಇಂಥ ಸಾಲನ್ನು ಮೊದಲೇ ಕೇಳಿ ಬರೆಸಿಕೊಳ್ಳದ ವಕೀಲರು ಕಕ್ಷಿದಾರರಿಗೆ ನ್ಯಾಯ ಒದಗಿಸಿದಂತಲ್ಲ.

ಜೀವನಾಂಶದೊಡನೆ ಬೆರೆಸುವ ತಪ್ಪು

ದುಡ್ಡು ಕೊಡದವನಿಗೆ ಮಗುವನ್ನು ಯಾಕೆ ತೋರಿಸಬೇಕು ಎಂದು ಒಬ್ಬರು ಕೇಳುತ್ತಾರೆ. ಮಗುವನ್ನೇ ತೋರಿಸದವಳಿಗೆ ದುಡ್ಡು ಯಾಕೆ ಕೊಡಬೇಕು ಎಂದು ಇನ್ನೊಬ್ಬರು. ಕಾನೂನಿನಲ್ಲಿ ಎರಡೂ ವಾದ ನಿಲ್ಲುವುದಿಲ್ಲ. ಜೀವನಾಂಶ ಮಗುವಿನ ಹೊಟ್ಟೆ, ಬಟ್ಟೆ, ಶಾಲೆಗೆ ಸಂಬಂಧಿಸಿದ್ದು. ಭೇಟಿ ಅದರ ಮನಸ್ಸಿಗೆ ಸಂಬಂಧಿಸಿದ್ದು. ಬಾಕಿ ಜೀವನಾಂಶಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಿನಡಿ ವಾರಂಟ್, ಜೈಲುವಾಸದ ಪ್ರತ್ಯೇಕ ಕ್ರಮಗಳಿವೆ. ಒಂದನ್ನು ತಡೆದು ಇನ್ನೊಂದನ್ನು ವಸೂಲು ಮಾಡುವ ಅಧಿಕಾರ ತಂದೆತಾಯಿಯರಿಗಿಲ್ಲ.

ಭೇಟಿಯ ಜಾಗ ಮತ್ತು ಮಧ್ಯಸ್ಥಿಕೆ

ಇಬ್ಬರ ನಡುವೆ ನಂಬಿಕೆ ಪೂರ್ತಿ ಕಳಚಿದಾಗ, ಅಥವಾ ಹೊಡೆತ, ಕುಡಿತ, ದೌರ್ಜನ್ಯದ ಆರೋಪ ಇದ್ದಾಗ ನ್ಯಾಯಾಲಯಗಳು ಮೂರನೆಯವರ ಕಣ್ಣೆದುರಿನ ಭೇಟಿಗೆ ಆದೇಶಿಸುತ್ತವೆ. ಜಾಗ ಸಾಮಾನ್ಯವಾಗಿ ಕೌಟುಂಬಿಕ ನ್ಯಾಯಾಲಯದ ಮಕ್ಕಳ ಕೊಠಡಿ, ಕೆಲವೊಮ್ಮೆ ಮಧ್ಯಸ್ಥಿಕೆ ಕೇಂದ್ರ. ವಕೀಲರೊಬ್ಬರನ್ನು ಕೋರ್ಟು ಕಮಿಷನರಾಗಿ ನೇಮಿಸಿ ವರದಿ ತರಿಸುವುದೂ ಉಂಟು. ಭೇಟಿಗೆ ಕರೆತಂದರೋ ಇಲ್ಲವೋ ಎಂಬುದಕ್ಕೆ ಸಾಕ್ಷಿ ಸಿಗುವುದರಿಂದ ಜಾರಿಯ ಮಟ್ಟಿಗೆ ಇದು ಅನುಕೂಲ. ಹೊಡೆಸಿಕೊಂಡ ತಾಯಿಗೆ ಇದು ರಕ್ಷಣೆಯೂ ಹೌದು. ಮಗುವಿಗೆ ಮಾತ್ರ ಆ ಜಾಗ ಸುಖದ್ದಲ್ಲ. ಕೈದಿಗಳು, ಕರಿಕೋಟುಗಳು, ಕೂಗುವ ಜವಾನರ ನಡುವೆ ಹಾದುಬಂದ ಐದು ವರ್ಷದ ಮಗು ಒಂದು ಗಂಟೆಯಲ್ಲಿ ಅಪ್ಪನೊಡನೆ ನಗಬೇಕೆಂದರೆ ಅದು ಅದರ ಶಕ್ತಿಗೆ ಮೀರಿದ್ದು. ಕೌಟುಂಬಿಕ ನ್ಯಾಯಾಲಯಗಳನ್ನು ಸಾಮಾನ್ಯ ಕೋರ್ಟು ಸಂಕೀರ್ಣಗಳಿಂದ ಬೇರೆಯಾಗಿಡಬೇಕೆಂಬ ಬೇಡಿಕೆಯ ಹಿಂದೆ ಇರುವುದು ಇದೇ ಕಾಳಜಿ.

ಬೆಂಗಳೂರಿನಲ್ಲಿ ಹೈಕೋರ್ಟಿನ ಆಶ್ರಯದಲ್ಲಿ 2007ರಲ್ಲಿ ಆರಂಭವಾದ ಮಧ್ಯಸ್ಥಿಕೆ ಕೇಂದ್ರಕ್ಕೆ ಕೌಟುಂಬಿಕ ವ್ಯಾಜ್ಯಗಳು ದೊಡ್ಡ ಪ್ರಮಾಣದಲ್ಲಿ ಬರುತ್ತವೆ. ಆದೇಶ ಮುರಿದ ಮೇಲೆಯೂ ಪ್ರಕರಣವನ್ನು ಅಲ್ಲಿಗೆ ಕಳಿಸಿದರೆ ಅನೇಕ ಸಲ ಫಲ ಸಿಗುತ್ತದೆ. ಮುರಿದದ್ದಕ್ಕೆ ಕಾರಣ ಹಟವೇ ಆಗಿರಬೇಕೆಂದಿಲ್ಲ. ಕೆಲಸದ ಪಾಳಿ ಬದಲಾಗಿರಬಹುದು, ಮರುಮದುವೆಯಾಗಿರಬಹುದು, ಅಜ್ಜಿಗೆ ಕಾಯಿಲೆಯಾಗಿರಬಹುದು. ಇಂಥಲ್ಲಿ ಷರತ್ತನ್ನು ಹೊಸ ಬದುಕಿಗೆ ಹೊಂದಿಸಿ ಬರೆಯುವುದೇ ಜಾರಿ. ಆದರೆ ಮಧ್ಯಸ್ಥಿಕೆಯನ್ನು ಕಾಲ ತಳ್ಳುವ ಸಾಧನವಾಗಿ ಬಳಸುವವರಿಗೆ ಗಡುವು ಹಾಕದಿದ್ದರೆ ಅದೂ ಇನ್ನೊಂದು ವಾಯಿದೆಯಾಗಿಬಿಡುತ್ತದೆ.

ಕಾಲ ಮತ್ತು ಮಗುವಿನ ಮನಸ್ಸು

ಅರ್ಥ ಮಾಡಿಕೊಂಡು ಅಭಿಪ್ರಾಯ ಹೇಳಬಲ್ಲ ವಯಸ್ಸಿನ ಮಗುವಿನ ಇಷ್ಟವನ್ನು ಪರಿಗಣಿಸಬಹುದೆಂದು 1890ರ ಕಾಯ್ದೆಯ 17ನೆಯ ಕಲಮು ಹೇಳುತ್ತದೆ. ನ್ಯಾಯಾಧೀಶರು ಮಗುವನ್ನು ತಮ್ಮ ಕೊಠಡಿಗೆ ಕರೆದು, ಇಬ್ಬರನ್ನೂ ಹೊರಗಿಟ್ಟು ಮಾತಾಡಿಸುತ್ತಾರೆ. ಮಗು ‘ನನಗೆ ಅಪ್ಪ ಬೇಡ’ ಎಂದರೆ ಏನು ಮಾಡಬೇಕು? ಆ ಮಾತು ಮಗುವಿನದೇ ಇರಬಹುದು, ಕಂಡ ಹಿಂಸೆಯಿಂದ ಬಂದಿರಬಹುದು, ಮನೆಯಲ್ಲಿ ದಿನವೂ ಕೇಳಿದ ಮಾತಿನ ಪ್ರತಿಧ್ವನಿಯೂ ಆಗಿರಬಹುದು. ಹೊರಗಿನಿಂದ ಮೂರೂ ಒಂದೇ ರೀತಿ ಕೇಳುತ್ತವೆ.

2017ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ಪ್ರಕರಣದಲ್ಲಿ ಹುಡುಗಿ ಎರಡು ವರ್ಷ ತುಂಬುವ ಮೊದಲಿನಿಂದ ತಂದೆಯ ಮನೆಯಲ್ಲೇ ಬೆಳೆದಿದ್ದಳು. ತೀರ್ಪಿನ ಹೊತ್ತಿಗೆ ಅವಳಿಗೆ ಸುಮಾರು ಎಂಟು ವರ್ಷ. ತಾಯಿಯ ಒಡನಾಟವನ್ನೇ ಕಾಣದ ಮಗು ತಂದೆ ಸಾಕೆನ್ನುವುದು ಸಹಜ, ಅದನ್ನೇ ನಿರ್ಣಾಯಕವೆಂದು ಹಿಡಿಯಲಾಗದು ಎಂದ ನ್ಯಾಯಾಲಯ, ಒಂದು ವರ್ಷ ತಾಯಿಯ ಬಳಿ ಇಟ್ಟು ನೋಡಲು ಹೇಳಿತು. ಒಬ್ಬರ ವಿರುದ್ಧ ಮಗುವಿನ ಮನಸ್ಸನ್ನು ತಿರುಗಿಸುವ ಸಮಸ್ಯೆಯನ್ನು ಆ ತೀರ್ಪು ಹೆಸರಿಸಿ ಚರ್ಚಿಸಿತು. ಆಮೇಲೆ ಈ ಆರೋಪವನ್ನು ಎಲ್ಲ ಮೊಕದ್ದಮೆಗಳಲ್ಲೂ ಎಸೆಯುವ ರೂಢಿ ಬೆಳೆಯಿತು. 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟೇ, ಮನಸ್ಸು ತಿರುಗಿಸಿದ ನಿರ್ದಿಷ್ಟ ನಡತೆಗಳನ್ನು ತೋರಿಸದೆ ಯಾರ ಮೇಲೂ ಆ ಹಣೆಪಟ್ಟಿ ಹಚ್ಚಬಾರದೆಂದು ಎಚ್ಚರಿಸಬೇಕಾಯಿತು. ಎರಡು ತೀರ್ಪುಗಳನ್ನೂ ಜೊತೆಗಿಟ್ಟು ಓದಬೇಕು. ಮೊದಲ ಭೇಟಿ ತಪ್ಪಿದ ವಾರದಲ್ಲೇ ವಿಚಾರಿಸಿದರೆ ಕಾರಣ ಕಂಡುಹಿಡಿಯುವುದು ಸುಲಭ. ನಾಲ್ಕು ವರ್ಷದ ಮೇಲೆ ಮಗುವಿನ ಮನಸ್ಸಿನಲ್ಲಿ ಯಾವುದು ನೆನಪು, ಯಾವುದು ಕಲಿಸಿದ ಮಾತು ಎಂದು ಬಿಡಿಸಲು ಯಾವ ಮನೋವೈದ್ಯರಿಗೂ ಕಷ್ಟ.

ಗಡಿ ದಾಟಿದ ಮಕ್ಕಳು

ವಿದೇಶದ ಆದೇಶ ಭಾರತದಲ್ಲಿ ಜಾರಿಯಾಗುವ ಚರಿತ್ರೆಯಲ್ಲಿ 1986ರ ಒಂದು ಪ್ರಕರಣ ಮೈಲಿಗಲ್ಲು. ಅಮೆರಿಕದ ಮಿಷಿಗನ್ ರಾಜ್ಯದ ನ್ಯಾಯಾಲಯ ವಿಚ್ಛೇದನ ಕೊಟ್ಟು ಮಗನನ್ನು ತಾಯಿಯ ಸುಪರ್ದಿಗೆ, ವಾರಾಂತ್ಯದ ಭೇಟಿಯನ್ನು ತಂದೆಗೆ ಕೊಟ್ಟಿತ್ತು. ಆ ವರ್ಷದ ಜನವರಿಯ ಒಂದು ವಾರಾಂತ್ಯ ತಂದೆ ಮಗುವನ್ನು ಕರೆದುಕೊಂಡವನು ನೇರ ಭಾರತಕ್ಕೆ ಹಾರಿ ಪುಣೆ ಸೇರಿದ. ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಮಗುವನ್ನು ತಾಯಿಗೆ ಒಪ್ಪಿಸಿ ಅಮೆರಿಕಕ್ಕೆ ಕರೆದೊಯ್ಯಲು ಬಿಟ್ಟಿತು. ಒಂದೇ ವರ್ಷದೊಳಗೆ ತೀರ್ಮಾನವಾದದ್ದು ಅದರ ದೊಡ್ಡ ಗುಣ. 2009ರ ಇನ್ನೊಂದು ಪ್ರಕರಣದಲ್ಲಿ ತಾಯಿ ಮಗನೊಡನೆ ರಾಜ್ಯದಿಂದ ರಾಜ್ಯಕ್ಕೆ ಊರು ಬದಲಿಸುತ್ತಿದ್ದಳು, ಶಾಲೆಗಳೂ ಬದಲಾಗುತ್ತಿದ್ದವು. ರಾಜ್ಯಗಳ ಪೊಲೀಸರಿಗೆ ಸಿಗದ ಮಗುವನ್ನು ಕೊನೆಗೆ ಸಿಬಿಐ ಚೆನ್ನೈಯಲ್ಲಿ ಪತ್ತೆಮಾಡಿತು. ಎಲ್ಲೂ ಬೇರೂರಲು ಅವಕಾಶ ಸಿಗದ ಮಗುವನ್ನು ಅಮೆರಿಕಕ್ಕೆ ಮರಳಿಸಲು ಆದೇಶವಾಯಿತು.

2017ರ ತೀರ್ಪೊಂದರಿಂದ ಗಾಳಿ ತಿರುಗಿತು. ವಿದೇಶಿ ಆದೇಶ ಪರಿಗಣಿಸಬೇಕಾದ ಒಂದು ಅಂಶ ಮಾತ್ರ, ನಿರ್ಣಾಯಕ ಮಗುವಿನ ಹಿತವೇ ಎಂಬುದು ಈಗಿನ ನಿಲುವು. ಕರ್ನಾಟಕಕ್ಕೆ ಹತ್ತಿರದ ಉದಾಹರಣೆ 2022ರದು. ಅಮೆರಿಕದಲ್ಲಿ ಹುಟ್ಟಿ ಬೆಳೆದ ಹುಡುಗನನ್ನು ತಾಯಿ 2020ರ ಮಾರ್ಚಿನಲ್ಲಿ ಬೆಂಗಳೂರಿಗೆ ಕರೆತಂದಿದ್ದರು. ತಂದೆಯ ಹೇಬಿಯಸ್ ಕಾರ್ಪಸ್ ಅರ್ಜಿಗೆ ಕರ್ನಾಟಕ ಹೈಕೋರ್ಟಿನಲ್ಲಿ ಯಶ ಸಿಗಲಿಲ್ಲ. ಸುಪ್ರೀಂ ಕೋರ್ಟ್, ಮಗುವಿನ ಇಷ್ಟ ಯಾವುದು ಎಂಬುದು ಬೇರೆ, ಮಗುವಿನ ಹಿತ ಯಾವುದು ಎಂಬುದು ಬೇರೆ ಎಂದು ಬಿಡಿಸಿ ಹೇಳಿ ಹುಡುಗ ಅಮೆರಿಕಕ್ಕೆ ಮರಳಬೇಕೆಂದಿತು. ಬೆಂಗಳೂರು, ಮೈಸೂರು, ಮಂಗಳೂರಿನಿಂದ ಕೆಲಸಕ್ಕಾಗಿ ಹೊರದೇಶಕ್ಕೆ ಹೋದ ಕುಟುಂಬಗಳಲ್ಲಿ ಸಂಸಾರ ಮುರಿದಾಗ ತವರಿಗೆ ಮರಳುವುದು ಸಹಜವಾದ ಆಸೆ. ಆ ಮರಳುವಿಕೆ ಅಲ್ಲಿನ ನ್ಯಾಯಾಲಯದ ಕಣ್ಣಿಗೆ ಅಪಹರಣವಾಗಿ ಕಾಣಬಹುದು ಎಂಬುದು ಟಿಕೆಟ್ ಕೊಳ್ಳುವ ಮೊದಲು ತಿಳಿದಿರಬೇಕಾದ ಸಂಗತಿ.

ಮಕ್ಕಳ ಅಂತರರಾಷ್ಟ್ರೀಯ ಅಪಹರಣದ ಬಗೆಗಿನ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಸೇರಬೇಕೆಂದು ಕಾನೂನು ಆಯೋಗ 2009ರಲ್ಲಿ 218ನೆಯ ವರದಿಯಲ್ಲಿ ಶಿಫಾರಸು ಮಾಡಿತು, 2016ರಲ್ಲಿ 263ನೆಯ ವರದಿಯಲ್ಲಿ ಮಸೂದೆಯನ್ನೇ ಬರೆದುಕೊಟ್ಟಿತು. ಗಂಡನ ಹಿಂಸೆ ತಾಳದೆ ಮಗುವನ್ನೆತ್ತಿಕೊಂಡು ತವರಿಗೆ ಓಡಿಬಂದ ಹೆಂಗಸರನ್ನು ಈ ಒಪ್ಪಂದ ಮತ್ತೆ ಅದೇ ಊರಿಗೆ ತಳ್ಳುತ್ತದೆ ಎಂಬುದು ಮುಖ್ಯ ಆಕ್ಷೇಪ. ಅದು ತಳ್ಳಿಹಾಕುವಂಥ ಆಕ್ಷೇಪವಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮು ವಿದೇಶಿ ಡಿಕ್ರಿಗಳನ್ನು ನೇರ ಜಾರಿ ಮಾಡಲು ಬಿಡುವುದು ಹಣದ ವಿಷಯದಲ್ಲಿ ಮಾತ್ರ. ಹಾಗಾಗಿ ಲಂಡನ್ನಿನ ಸುಪರ್ದಿ ಆದೇಶ ಹಿಡಿದು ಬಂದವರೂ ಇಲ್ಲಿ ಹೊಸದಾಗಿ ಅರ್ಜಿ ಹಾಕಲೇಬೇಕು.

ಉಲ್ಟಾ ದಿಕ್ಕಿನಲ್ಲಿ ಅಮೆರಿಕದ ಬಾಗಿಲು ಹೆಚ್ಚು ತೆರೆದಿದೆ. ಮ್ಯಾಸಚೂಸೆಟ್ಸ್ ಹೊರತು ಉಳಿದ ರಾಜ್ಯಗಳು ಒಪ್ಪಿರುವ 1997ರ ಏಕರೂಪ ಸುಪರ್ದಿ ಕಾನೂನು, ಅಲ್ಲಿನ ನ್ಯಾಯವ್ಯಾಪ್ತಿಯ ನಿಯಮಗಳಿಗೆ ಹೊಂದುವ ವಿದೇಶಿ ಆದೇಶವನ್ನು ಇನ್ನೊಂದು ರಾಜ್ಯದ ಆದೇಶದಂತೆಯೇ ಮನ್ನಿಸುತ್ತದೆ. ಇಬ್ಬರಿಗೂ ನೋಟಿಸು ಹೋಗಿ, ಮಗು ವಾಸವಾಗಿದ್ದ ಊರಿನ ನ್ಯಾಯಾಲಯವೇ ಮಾಡಿದ ಆದೇಶವಾದರೆ ಬೆಂಗಳೂರಿನ ಆದೇಶವನ್ನು ಕ್ಯಾಲಿಫೋರ್ನಿಯದಲ್ಲಿ ನೋಂದಾಯಿಸಿ ಜಾರಿ ಕೇಳಬಹುದು. ಎಲ್ಲ ದೇಶಗಳಲ್ಲೂ ಹೀಗಿಲ್ಲ. 2020ರಲ್ಲಿ ಸುಪ್ರೀಂ ಕೋರ್ಟ್ ಒಂದು ಮಗುವನ್ನು ಕೆನ್ಯಾದಲ್ಲಿದ್ದ ತಂದೆಗೆ ಒಪ್ಪಿಸುವಾಗ, ಅಲ್ಲಿನ ನ್ಯಾಯಾಲಯದಿಂದ ಇದೇ ಷರತ್ತುಗಳ ಪ್ರತಿರೂಪ ಆದೇಶ ತರಬೇಕೆಂದು ವಿಧಿಸಿತು. ಮಗು ಗಡಿ ದಾಟಿದ ಮೇಲೆ ಷರತ್ತುಗಳು ಪಾಲನೆಯಾಗಲಿಲ್ಲ. 2021ರಲ್ಲಿ ಸುಪ್ರೀಂ ಕೋರ್ಟ್ ತನ್ನ ಆದೇಶವನ್ನೇ ಹಿಂತೆಗೆದುಕೊಂಡು ನಿಂದನೆ ಕ್ರಮ ಹೂಡಿತು. ದೇಶದ ಅತ್ಯುನ್ನತ ನ್ಯಾಯಾಲಯದ ಕೈಗೂ ಮಗು ಎಟುಕಲಿಲ್ಲ. ಪಾಸ್‌ಪೋರ್ಟ್ ಠೇವಣಿ, ದೊಡ್ಡ ಮೊತ್ತದ ಭದ್ರತೆ, ಮೊದಲೇ ತಂದ ಪ್ರತಿರೂಪ ಆದೇಶ ಇವು ಮಗು ವಿಮಾನ ಹತ್ತುವ ಮೊದಲು ಆಗಬೇಕಾದ ಕೆಲಸಗಳು.

ಸುಧಾರಣೆಯ ಮಾತು

ಇಂಗ್ಲೆಂಡಿನಲ್ಲಿ ಸಂಪರ್ಕದ ಆದೇಶ ಮುರಿದವರಿಗೆ ನ್ಯಾಯಾಲಯ 40ರಿಂದ 200 ಗಂಟೆಗಳವರೆಗೆ ಕೂಲಿಯಿಲ್ಲದ ಸಮುದಾಯ ಸೇವೆ ವಿಧಿಸಬಹುದು. ಜೈಲಿಗೆ ಹೋಗದ ತಾಯಿ ಅಥವಾ ತಂದೆ ಸಂಜೆ ಮಗುವಿನೊಡನೆಯೇ ಇರುತ್ತಾರೆ, ಆದರೆ ತಪ್ಪಿನ ಭಾರ ಅನುಭವಕ್ಕೆ ಬರುತ್ತದೆ. ಆಸ್ಟ್ರೇಲಿಯದಲ್ಲಿ ತಪ್ಪಿಸಿದ ಭೇಟಿಗೆ ಬದಲಿ ಸಮಯ ಕೊಡಿಸುವ ಪದ್ಧತಿ ಇದೆ. ಮಗುವಿಗೆ ಪೆಟ್ಟು ಬೀಳದ ಶಿಕ್ಷೆ ಹುಡುಕುವುದು ಅಸಾಧ್ಯವೇನಲ್ಲ ಎಂಬುದಕ್ಕೆ ಇವೆರಡೂ ಸಾಕ್ಷಿ. ಭಾರತದ ಕಾನೂನು ಆಯೋಗ 2015ರ 257ನೆಯ ವರದಿಯಲ್ಲಿ ತಂದೆತಾಯಿಯರಿಗೆ ಸಮಾನ ಪಾಲಕತ್ವ, ಜಂಟಿ ಸುಪರ್ದಿ, ಲಿಖಿತ ಪಾಲನಾ ಯೋಜನೆ, ಭೇಟಿಯ ಮಾರ್ಗಸೂಚಿಗಳನ್ನು ಸೇರಿಸಿ 1890ರ ಮತ್ತು 1956ರ ಕಾಯ್ದೆಗಳನ್ನು ತಿದ್ದಬೇಕೆಂದು ಕರಡಿನೊಡನೆ ಸೂಚಿಸಿತು. ಆ ಕರಡು ಕಾಯ್ದೆಯಾಗಲಿಲ್ಲ, ದಿನಕ್ಕೆ ಹತ್ತು ರೂಪಾಯಿಯ ದಂಡವೂ ಬದಲಾಗಲಿಲ್ಲ.

ಸಂಸತ್ತಿಗೆ ಕಾಯದೆಯೂ ಮಾಡಬಹುದಾದ ಕೆಲಸಗಳಿವೆ. ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 21ನೆಯ ಕಲಮು ನಿಯಮ ರೂಪಿಸುವ ಅಧಿಕಾರವನ್ನು ಹೈಕೋರ್ಟ್‌ಗಳಿಗೆ ಕೊಟ್ಟಿದೆ. ರಜಾದಿನಗಳಲ್ಲಿ, ಕಚೇರಿ ವೇಳೆಯ ಹೊರಗೆ, ನ್ಯಾಯಾಲಯದ ಕಟ್ಟಡದ ಆಚೆ ಕಲಾಪ ನಡೆಸುವ ವಿಷಯ ಅದರಲ್ಲಿ ಸ್ಪಷ್ಟವಾಗಿಯೇ ಇದೆ. ಭೇಟಿಗಳು ತಪ್ಪುವುದು ಶನಿವಾರ, ಭಾನುವಾರ, ಹಬ್ಬದ ದಿನ, ಶಾಲೆಗೂ ಹೈಕೋರ್ಟಿಗೂ ಒಟ್ಟಿಗೇ ಬರುವ ಬೇಸಿಗೆ ರಜೆಯಲ್ಲಿ. ಅಂಥ ದಿನಗಳಿಗೆ ಒಬ್ಬ ನ್ಯಾಯಾಧೀಶರನ್ನು ನಿಯೋಜಿಸಿ, ಅಮಲ್ಜಾರಿ ಅರ್ಜಿ ಬಂದ ವಾರದೊಳಗೆ ಮಗುವನ್ನು ಮಾತಾಡಿಸಬೇಕೆಂಬ, ತಪ್ಪಿದ ಪ್ರತಿ ಭೇಟಿಗೂ ಬದಲಿ ದಿನ ಕೊಡಬೇಕೆಂಬ ನಿಯಮವನ್ನು ಕರ್ನಾಟಕ ಹೈಕೋರ್ಟ್ ಈ ಕಲಮಿನಡಿಯಲ್ಲೇ ತರಲು ಸಾಧ್ಯವಿದೆ.